ಬೀರುವಿನ ಹಿಂದಿನ ಗೋಡೆ

"ಈ ಮನೆ ಏನೋ ಗೊಣಗ್ತಾ ಇದೆ," ಎಂದರು ಮಾವ.

ಅಳಿಯ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ಕೈ ನಿಲ್ಲಿಸಲಿಲ್ಲ.

"ನಿನಗೇ ಹೇಳ್ತಿರೋದು. ಗೋಡೆಯೊಳಗೆ ಏನೋ ಸದ್ದು. ಕೇಳಿಸ್ತಿಲ್ವಾ?"

"ಫ್ರಿಜ್ಜಿರಬೇಕು ಮಾವ."

"ಫ್ರಿಜ್ಜಿನ ಸದ್ದು ನನಗೆ ಗೊತ್ತಿಲ್ವೇನಯ್ಯ? ಅದು ದಮ್ಮು ಹತ್ತಿದ ಮುದುಕನ ಥರ. ಇದು ಬೇರೆ. ಕಾದ ಬಾಣಲೆಗೆ ನೀರು ಸಿಡಿದ ಹಾಗೆ. ಬರುತ್ತೆ, ಹೋಗುತ್ತೆ."

ಮಾವ ಅರ್ಧ ಆಯುಷ್ಯವನ್ನು ಬಸ್ಸಿನ ಸ್ಟೇರಿಂಗ್ ಹಿಂದೆ ಕಳೆದವರು. ಡಿಪೋದಲ್ಲಿ ಮೆಕ್ಯಾನಿಕ್ಕುಗಳು ಬಾನೆಟ್ ಎತ್ತುವ ಮೊದಲು ಇವರನ್ನು ಕರೆದು, "ಒಂದು ಸಲ ಕೇಳಿ ಹೇಳಿ," ಅನ್ನುತ್ತಿದ್ದರಂತೆ. ಅದು ನಿಜವೋ ಮಾವನ ಬಡಾಯಿಯೋ ಯಾರಿಗೂ ಗೊತ್ತಿಲ್ಲ. ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಬೀದಿಯಲ್ಲಿ ಯಾವುದಾದರೂ ಗಾಡಿ ಕೆಮ್ಮಿದರೆ ಸಾಕು, ಕಿಟಕಿಗೆ ಬಂದು ನಿಂತು, "ಕ್ಲಚ್ ಹೋಯ್ತು ಅದರದ್ದು," ಎಂದು ಯಾರೂ ಕೇಳದಿದ್ದರೂ ತೀರ್ಪು ಕೊಟ್ಟುಬಿಡುತ್ತಿದ್ದರು.

ಅಳಿಯ ಒಂದು ತಟ್ಟೆಯನ್ನು ಮಾವನ ಮುಂದಿಟ್ಟ, ಟೀ ಬಗ್ಗಿಸಿ ಕೊಟ್ಟ, ತನ್ನ ಪಾಲಿನದನ್ನು ನಿಂತೇ ತಿಂದು ಕೆಲಸಕ್ಕೆ ಹೊರಟ.

ಆ ಸದ್ದು ಅವನಿಗೂ ಕೇಳಿಸುತ್ತಿತ್ತು. ಮಾವನಿಗಿಂತ ಮೊದಲೇ ಕೇಳಿಸಿತ್ತು. ಬೆಳಿಗ್ಗೆ ಎಚ್ಚರವಾಗಿ, ಏಳಲು ಮನಸ್ಸಿಲ್ಲದೆ ಸೂರು ನೋಡುತ್ತ ಬಿದ್ದಿರುವಾಗ ತಲೆಯ ಪಕ್ಕದ ಗೋಡೆಯಲ್ಲಿ ಚಿರ್ರ್ ಎಂದು ಶುರುವಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಬಾಚಣಿಗೆ ಸುಟ್ಟಂಥ ವಾಸನೆ. ಆಮೇಲೆ ಎರಡೂ ನಿಲ್ಲುತ್ತಿದ್ದವು. ಮೊದಲ ಸಲ ಕೇಳಿಸಿದಾಗ 'ಇದೇನೋ ಸರಿಯಿಲ್ಲ' ಅನ್ನಿಸಿದ್ದು ನಿಜ. ಆದರೆ ಆ ಅನ್ನಿಸಿಕೆ ಪಕ್ಕದ ಬೀದಿಯಲ್ಲಿ ಯಾರೋ ಜಗಳವಾಡಿದ್ದು ಕೇಳಿಸಿದ ಹಾಗಿತ್ತು; ಎದ್ದು ಹೋಗಿ ನೋಡುವಷ್ಟು ತನ್ನದಾಗಿರಲಿಲ್ಲ. ಯಾರಿಗಾದರೂ ಹೇಳಬೇಕೆಂದರೆ ನಾಲಿಗೆ ಎತ್ತಬೇಕು. ಈ ಎಂಟು ತಿಂಗಳಲ್ಲಿ ಅವನಿಗೆ ನಾಲಿಗೆ ಎತ್ತುವುದು ಹಿಟ್ಟಿನ ಮೂಟೆ ಎತ್ತಿದ ಹಾಗಾಗಿತ್ತು.

ಅವನು ಈ ಮನೆಗೆ ಮನೆ ಅಳಿಯನಾಗಿ ಬಂದವನು. ಅತ್ತೆ ತೀರಿಕೊಂಡ ಮೇಲೆ ಅಪ್ಪನೊಬ್ಬನನ್ನೇ ಬಿಟ್ಟು ಬರುವುದಿಲ್ಲವೆಂದು ದೊಡ್ಡ ಮಗಳು ಹಟ ಹಿಡಿದಿದ್ದಳು. ಇವನು ಅದಕ್ಕೇನಂತೆ ಎಂದು ಒಂದು ಸೂಟ್‌ಕೇಸು ಹಿಡಿದು ಬಂದಿದ್ದ. ಯಾರಾದರೂ ಮನೆ ಅಳಿಯ ಎಂದು ಬಾಯಿಗೆ ಕೈ ಇಟ್ಟುಕೊಂಡು ನಕ್ಕರೆ ಅವಳದೇ ಜವಾಬು: "ಹೌದು, ಬಾಗಿಲಿಗೊಂದು ಚಿಲಕ, ಮನೆಗೊಬ್ಬ ಅಳಿಯ. ನಿಮ್ಮನೇಲಿ ಎರಡೂ ಸಡಿಲ ಅಂತ ಕೇಳಿದೆ." ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ದಿನವಿಡೀ ಜನರ ಜೊತೆ ಬಾಯಿ ಹಾಕಿ ಹಾಕಿ ಪಳಗಿದವಳು. ಅದೇ ಕೌಂಟರಿನಲ್ಲಿ ಎಂಟು ತಿಂಗಳ ಹಿಂದೆ ಒಂದು ಮಧ್ಯಾಹ್ನ ಚಿಲ್ಲರೆ ಕೊಡುತ್ತ ಕೊಡುತ್ತ, ತಲೆ ಸಿಡೀತಿದೆ ಎಂದು ಕೂತಳು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಾತು ನಿಂತಿತ್ತು. ಸಂಜೆ ಹೊತ್ತಿಗೆ ಎಲ್ಲವೂ ನಿಂತಿತು.

ಮಾವ ಅತ್ತರು. ನಾದಿನಿ ಅತ್ತಳು. ಕೌಂಟರಿನ ಜೊತೆಗಾರರು ಸಾಲಾಗಿ ನಿಂತು ಅತ್ತರು. ಅಳಿಯ ಬಂದವರಿಗೆಲ್ಲ ಕುರ್ಚಿ ಹಾಕಿದ. ನೀರು ಕೊಟ್ಟ. ಯಾರದೋ ಚಪ್ಪಲಿ ಕಳೆದುಹೋಯಿತೆಂದರೆ ಅದನ್ನು ಹುಡುಕಿಕೊಟ್ಟ. "ಇನ್ನೂ ಒಳಗಿಳಿದಿಲ್ಲ ಪಾಪ, ಒಂದಿನ ಒಟ್ಟಿಗೇ ಒಡೆದುಕೊಳ್ಳುತ್ತೆ ನೋಡ್ತಿರಿ," ಎಂದು ಬಂಧುಗಳು ಪಿಸುಗುಟ್ಟಿದ್ದು ಅವನ ಕಿವಿಗೂ ಬಿತ್ತು. ಅವನೂ ಕಾದ. ಒಡೆದುಕೊಳ್ಳಲಿಲ್ಲ.

ಕೆಲಸಕ್ಕೆ ಹೋದ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವುದು ಅವನ ಕೆಲಸ. ಬಂದ ಗಾಜಿಗೆ ಗುರುತು ಹಾಕಬೇಕು, ತಿರುಗುವ ಕಲ್ಲಿಗೆ ಹಿಡಿಯಬೇಕು, ಫ್ರೇಮಿಗೆ ಕೂರುತ್ತದೋ ಇಲ್ಲವೋ ನೋಡಬೇಕು, ಕೂರದಿದ್ದರೆ ಮತ್ತೆ ಒಂದು ಕೂದಲೆಳೆಯಷ್ಟು. ಮೊದಲೆಲ್ಲ ತಿಂಗಳಿಗೊಂದಾದರೂ ಗಾಜು ಅವನ ಕೈಯಲ್ಲಿ ಚಕ್ಕೆ ಏಳುತ್ತಿತ್ತು. ಈಗ ಒಂದೂ ಇಲ್ಲ. "ಕೈ ತುಂಬಾ ಕೂತಿದೆ ನಿಂದು," ಎಂದು ಅಂಗಡಿ ಯಜಮಾನ ಹೊಗಳಿದ. ಅದೂ ಅವನಿಗೆ ಬೇರೆ ಯಾರನ್ನೋ ಹೊಗಳಿದ ಹಾಗೇ ಕೇಳಿಸಿತು.

ಮನೆಯಲ್ಲಿ ಉಳಿದದ್ದು ಇವರಿಬ್ಬರು. ಇಬ್ಬರ ನಡುವೆ ಇದ್ದ ಒಂದೇ ನಂಟು ಹೋಗಿತ್ತು. ಹೊರಡು ಅನ್ನಲು ಮಾವನಿಗೆ ಬಾಯಿಲ್ಲ, ಹೊರಡುತ್ತೇನೆ ಅನ್ನಲು ಅಳಿಯನಿಗೆ ಕಾಲಿಲ್ಲ. ಹೀಗೆ ಬಾಡಿಗೆ ಗೊತ್ತುಮಾಡದ ಬಾಡಿಗೆದಾರರ ಹಾಗೆ ಇದ್ದರು.

ಮಾವ ಬಿಡಲಿಲ್ಲ. ಒಂದು ಹಳೆಯ ಮರದ ಕೋಲು ಹುಡುಕಿ, ಒಂದು ತುದಿ ಗೋಡೆಗೆ, ಇನ್ನೊಂದು ತುದಿ ಕಿವಿಗೆ ಒತ್ತಿ ಮನೆಯಿಡೀ ತಿರುಗಿದರು. ಎಂಜಿನ್ನಿನ ಯಾವ ಭಾಗ ಸದ್ದು ಮಾಡುತ್ತಿದೆ ಎಂದು ಡಿಪೋದಲ್ಲಿ ಹೀಗೇ ಕಂಡುಹಿಡಿಯುತ್ತಿದ್ದರಂತೆ. ಮೀಟರ್ ಬೋರ್ಡಿಗೆ ಕೋಲು ಹಚ್ಚಿ, "ಇಲ್ಲಿ ಗುಂಯ್ ಅಂತಿದೆ, ಆದರೆ ಇದು ಅದಲ್ಲ," ಎಂದರು. ಹಾಲಿನ ಫ್ಯಾನ್ ನಿಲ್ಲಿಸಿದರು. ಫ್ರಿಜ್ಜಿನ ಪ್ಲಗ್ ಕಿತ್ತು ಹಾಲು ಕೆಡಿಸಿದರು. ಪಕ್ಕದ ಮನೆಯ ನೀರಿನ ಮೋಟರಿನ ಮೇಲೆ ಅನುಮಾನಪಟ್ಟು, ಅವರ ಬಾಗಿಲು ತಟ್ಟಿ, "ಸ್ವಲ್ಪ ನಿಲ್ಸಿ, ನಾನು ಕೇಳಬೇಕು," ಎಂದು ಹೇಳಿ ಆ ಮನೆಯವರು ಇವರನ್ನು ಒಂಥರಾ ನೋಡುವ ಹಾಗೆ ಮಾಡಿಕೊಂಡರು. ಅಳಿಯ ಹಿಂದೆ ಹಿಂದೆ ಟಾರ್ಚು ಹಿಡಿದುಕೊಂಡು ನಡೆದ. ಹಿಡಿ ಎಂದಲ್ಲಿ ಹಿಡಿದ.

ಒಂದೇ ಒಂದು ಕಡೆ ಮಾವ ಕೋಲು ಹಚ್ಚಲಿಲ್ಲ, ಅದು ಅಳಿಯನ ಕೋಣೆ. ಮಗಳು ಹೋದ ಮೇಲೆ ಅವರು ಆ ಬಾಗಿಲು ದಾಟಿರಲಿಲ್ಲ. ಬಾಗಿಲವರೆಗೆ ಬಂದರು, ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡರು, "ಇಲ್ಲೇನಿರುತ್ತೆ," ಎಂದು ತಿರುಗಿದರು. ಅಳಿಯ ಟಾರ್ಚು ಆರಿಸಿದ.

ಚಿಕ್ಕ ಮಗಳಿಗೆ ಫೋನು ಹೋಯಿತು. ಅವಳು ಇರುವುದು ಎರಡು ಬಸ್ ಬದಲಾಯಿಸಿ ಹೋಗುವಷ್ಟು ದೂರದ ಊರಿನಲ್ಲಿ. ಫೋನಿನಲ್ಲಿ ಅವಳ ದನಿ ಅಡುಗೆಮನೆಗೂ ಕೇಳಿಸುತ್ತಿತ್ತು.

"ಅಪ್ಪ, ಸದ್ದು ಗೋಡೇಲಿಲ್ಲ, ನಿಮ್ಮ ಕಿವೀಲಿದೆ. ವಯಸ್ಸಾದೋರಿಗೆ ಆಗುತ್ತೆ. ಡಾಕ್ಟರಿಗೆ ತೋರಿಸೋಣ. ಎಷ್ಟು ಸಲ ಹೇಳೋದು, ಆ ಮನೆ ಬಾಡಿಗೆಗೆ ಕೊಟ್ಟು ಇಲ್ಲಿಗೆ ಬನ್ನಿ ಅಂತ?"

"ನನ್ನ ಕಿವಿ ಬಗ್ಗೆ ನೀನು ಮಾತಾಡಬೇಡ. ನೀನು ಹುಟ್ಟೋ ಮೊದಲಿಂದ ಇದೆ ಅದು."

"ಭಾವನಿಗೆ ಕೇಳಿಸುತ್ತಾ?"

ಮಾವ ರಿಸೀವರಿಗೆ ಕೈ ಅಡ್ಡ ಹಿಡಿದು, "ಏನಯ್ಯ, ನಿನಗೆ ಕೇಳಿಸುತ್ತಾ?" ಎಂದರು.

"ಇರಬಹುದು ಮಾವ," ಎಂದ ಅಳಿಯ.

"ಇರಬಹುದು ಅಂತೆ," ಎಂದು ಮಾವ ಫೋನಿಗೆ ಹೇಳಿ ಮುಖ ಗಂಟಿಕ್ಕಿಕೊಂಡು ಇಟ್ಟುಬಿಟ್ಟರು. ಮಾರನೇ ದಿನವೇ ಕರೆಂಟಕ್ಕನಿಗೆ ಹೇಳಿ ಕಳಿಸಿದರು.

ಕರೆಂಟಕ್ಕ ಅಂದರೆ ಆ ಬಡಾವಣೆಗೆಲ್ಲ ವೈರಿಂಗ್ ಕೆಲಸ ಮಾಡುವ ಹೆಂಗಸು. ಗಟ್ಟಿಮುಟ್ಟು ಆಳು, ಗಂಡಸರ ಪ್ಯಾಂಟು, ಸೊಂಟಕ್ಕೆ ಸಾಮಾನಿನ ಪಟ್ಟಿ. ಕೆಲಸ ಮಾಡುವಾಗ ಕೈಗಿಂತ ಬಾಯಿ ಹೆಚ್ಚು ಓಡುತ್ತದೆಂದು ಜನ ಹೇಳುತ್ತಿದ್ದರು. ಅಂಗಡಿಗೆ ರಜೆಯಿದ್ದ ದಿನ ಬೆಳಿಗ್ಗೆ ಬಂದಳು. ಬಂದವಳು ಏಣಿಯನ್ನು ಹೊರಗೇ ಒರಗಿಸಿ, ಕುರ್ಚಿ ಎಳೆದುಕೊಂಡು ಕೂತಳು.

"ಮೊದಲು ಹೇಳಿ ಯಜಮಾನ್ರೇ. ಎಂಥ ಸದ್ದು? ಗುಂಯ್ ಅನ್ನುತ್ತಾ, ಚಟಪಟ ಅನ್ನುತ್ತಾ?"

"ಚಿರ್ರ್. ಮಧ್ಯೆ ಮಧ್ಯೆ ಚಟ್."

"ಗುಂಯ್ ಅಂದ್ರೆ ನಾನು ಟೀ ಕುಡಿದು ನಿಧಾನಕ್ಕೆ ಏಳ್ತಿದ್ದೆ. ಎಷ್ಟೋ ಫ್ಯಾನ್ ರೆಗ್ಯುಲೇಟರು ಹುಟ್ಟಿದಾಗಿಂದ ಸಾಯೋವರೆಗೂ ಗುಂಯ್ ಅಂತಾನೇ ಇರ್ತವೆ, ಯಾರಿಗೂ ಏನೂ ಆಗಲ್ಲ. ಚಟ್ ಅಂದ್ರೆ ಟೀ ಆಮೇಲೆ." ಅವಳು ಎದ್ದೇಬಿಟ್ಟಳು. "ಯಾವಾಗ ಬರುತ್ತೆ?"

"ಬೆಳಿಗ್ಗೆ. ಹೆಚ್ಚಾಗಿ ಬೆಳಿಗ್ಗೆ. ನಾನು ಸ್ನಾನಕ್ಕೆ ಕಾಯ್ತಾ ಹಾಲಲ್ಲಿ ಕೂತಿರ್ತೀನಲ್ಲ, ಆವಾಗ."

"ಸ್ನಾನಕ್ಕೆ ಕಾಯೋದು ಅಂದ್ರೆ? ನೀರು ಕಾಯಿಸೋಕೆ ಏನಿದೆ?"

"ಗೀಸರು."

ಕರೆಂಟಕ್ಕ ನೇರ ಹೋಗಿ ಮೇನ್ ಸ್ವಿಚ್ ಇಳಿಸಿದಳು. ಮನೆ ಮೂಕಾಯಿತು. ಮನೆಯ ಒಂದೊಂದೇ ಸ್ವಿಚ್ಚನ್ನು ಆರಿಸಿ ಬಂದು ಮೇನ್ ಏರಿಸಿದಳು. ಏನೂ ಇಲ್ಲ. ಹಾಲಿನ ದೀಪ, ಫ್ಯಾನು, ಅಡುಗೆಮನೆ, ಫ್ರಿಜ್ಜು, ಒಂದೊಂದನ್ನೇ ಹಾಕುತ್ತ, ಪ್ರತಿಸಲ ಕೈಯೆತ್ತಿ ಎಲ್ಲರ ಬಾಯಿ ಮುಚ್ಚಿಸಿ ಕೇಳಿದಳು. ಕೊನೆಗೆ ಗೀಸರ್ ಹಾಕಿದಳು. ಮೂವರೂ ಉಸಿರು ಹಿಡಿದು ನಿಂತರು.

ಚಿರ್ರ್.

"ನನ್ನ ಕಿವೀಲಿದೆಯಂತೆ!" ಮಾವ ಕುಣಿಯುವುದೊಂದು ಬಾಕಿ. "ಕೇಳಿಸ್ತಲ್ಲ ತಾಯಿ? ನಿನಗೂ ಕೇಳಿಸ್ತಲ್ಲ?"

"ಕೇಳಿಸ್ತು ಯಜಮಾನ್ರೇ, ಕೇಳಿಸದೆ ಇದ್ದಿದ್ರೇನೇ ಚೆನ್ನಾಗಿತ್ತು." ಅವಳು ಗೀಸರ್ ಆರಿಸಿ ಮತ್ತೆ ಮೇನ್ ಇಳಿಸಿದಳು. "ಈ ಗೀಸರ್ ಯಾವಾಗ ಹಾಕಿಸಿದ್ದು?"

ಮಾವ ಅಳಿಯನ ಕಡೆ ನೋಡಿದರು. ಆಮೇಲೆ ಅವರೇ ಹೇಳಿದರು. "ಮೊದಲು ಮಗಳು ಒಲೆ ಮೇಲೆ ಕಾಯಿಸಿ ಕೊಡೋಳು. ಅವಳು ಹೋದ ಮೇಲೆ ಚಿಕ್ಕೋಳು ಇದನ್ನ ತಂದು ಹಾಕಿಸಿದಳು. ಅಂಗಡಿಯ ಹುಡುಗ ಬಂದು ಹಾಕಿ ಹೋದ."

ಬಚ್ಚಲುಮನೆಯಲ್ಲಿ ಅವಳು ಗೋಡೆಯ ಸಣ್ಣ ಪಾಯಿಂಟಿನ ಮುಚ್ಚಳ ಬಿಚ್ಚಿ ಟಾರ್ಚು ಬಿಟ್ಟಳು. ಹಲ್ಲು ಕಚ್ಚಿ ಏನೋ ಬೈದಳು. "ಹಾಕಿ ಹೋದನಂತೆ, ಪುಣ್ಯಾತ್ಮ. ಇದು ಒಂದು ಬಲ್ಬಿಗೆ ಕೊಟ್ಟ ಲೈನು. ಇದಕ್ಕೇ ಗೀಸರ್ ಕಟ್ಟಿದ್ದಾನೆ. ಕುರಿಮರಿ ಬೆನ್ನ ಮೇಲೆ ಅಲಮಾರು ಹೊರಿಸಿದ ಹಾಗೆ. ಈ ಲೈನಿಗೆ ಕರೆಂಟು ಗೋಡೆ ಆಚೆಯಿಂದ ಬರ್ತಿದೆ. ಆಚೆ ಏನಿದೆ?"

ಆಚೆ ಇದ್ದದ್ದು ಅಳಿಯನ ಕೋಣೆ. ಗೋಡೆಗೆ ಒರಗಿ ಹೆಂಡತಿಯ ಬೀರು.

ಮರದ ದೊಡ್ಡ ಬೀರು. ಅತ್ತೆಯ ಕಾಲದ್ದು. ಕರೆಂಟಕ್ಕ ಭುಜ ಕೊಟ್ಟು ನೂಕಿದಳು, ಅಲುಗಲಿಲ್ಲ. "ಇದರ ಹಿಂದೆ ಒಂದು ಪ್ಲಗ್ ಪಾಯಿಂಟ್ ಇರಬೇಕು. ಬೀರು ಖಾಲಿ ಮಾಡಿ. ನಾನು ಹೊರಗೆ ವೈರು ಅಳೆದುಕೊಂಡು ಬರ್ತೀನಿ." ಅವಳು ಇಬ್ಬರ ಮುಖವನ್ನೂ ನೋಡಿರಬೇಕು, ಬಾಯಿ ಮುಚ್ಚಿಕೊಂಡು ಹೊರಗೆ ಹೋದಳು.

ಮಾವ ಬಾಗಿಲಲ್ಲಿ ನಿಂತಿದ್ದರು. ಆಮೇಲೆ ಬಸ್ಸಿನಿಂದ ಇಳಿಯುವವರ ಹಾಗೆ ಬಾಗಿಲ ಚೌಕಟ್ಟು ಹಿಡಿದು ಒಂದು ಹೆಜ್ಜೆ ಒಳಗಿಟ್ಟರು. "ತೆಗಿ," ಎಂದರು.

ಅಳಿಯ ಬಾಗಿಲು ತೆಗೆದ. ಬಟ್ಟೆಗಳ ರಾಶಿ. ಮಡಿಸಿದ್ದು ಒಂದು ಕಡೆ, ತೂಗುಹಾಕಿದ್ದು ಒಂದು ಕಡೆ, ಮಡಿಸದೆ ತುರುಕಿದ್ದು ಎಲ್ಲ ಕಡೆ. ಅವಳಿಗೆ ಬಟ್ಟೆ ಮಡಿಸುವುದೆಂದರೆ ಆಗುತ್ತಿರಲಿಲ್ಲ. ಅವನು ಅವಳ ಸ್ವೆಟರನ್ನು ಕೈಗೆತ್ತಿಕೊಂಡು ಕಾದ. ಈಗ ಬರುತ್ತದೆ ಅಂದುಕೊಂಡ. ಅದೇನೆಂದು ಅವನಿಗೇ ಗೊತ್ತಿರಲಿಲ್ಲ, ಬಂಧುಗಳು ಹೇಳಿದ ಆ ಒಡೆದುಕೊಳ್ಳುವುದು. ಸ್ವೆಟರು ಉಣ್ಣೆಯದು, ಕಂಕುಳ ಹತ್ತಿರ ಸವೆದಿತ್ತು. ಅಷ್ಟೇ. ಅವನು ಅದನ್ನು ಹಾಸಿಗೆಯ ಮೇಲಿಟ್ಟು ಇನ್ನೊಂದಕ್ಕೆ ಕೈ ಹಾಕಿದ.

ಮಾವ ಮೊದಲು ಒಂದೊಂದಾಗಿ ತೆಗೆದರು. ಆಮೇಲೆ ತೆಕ್ಕೆ ತೆಕ್ಕೆಯಾಗಿ, ಬಸ್ಸಿನ ಮೇಲಿನಿಂದ ಸಾಮಾನು ಇಳಿಸಿದ ಹಾಗೆ. ಕೆಳಗಿನ ಅರೆಯಲ್ಲಿ ಹಳೆಯ ಶಾಲುಗಳ ಅಡಿಗೆ ಅವರ ಕೈಗೆ ಏನೋ ಗಟ್ಟಿಯಾದದ್ದು ಸಿಕ್ಕಿತು. ಎಳೆದರು. ಪೋಂ ಎಂದಿತು.

ಅದು ಹಿತ್ತಾಳೆಯ ಹಾರನ್ನು, ರಬ್ಬರಿನ ಉಂಡೆಯದು. ನಿವೃತ್ತಿಯ ದಿನ ಡಿಪೋದವರು ಕೊಟ್ಟ ಉಡುಗೊರೆ. ಮಾವ ಅದನ್ನು ಕಿಟಕಿಯಲ್ಲಿಟ್ಟು ಬೀದಿಯಲ್ಲಿ ಅಡ್ಡಾದಿಡ್ಡಿ ಹೋಗುವವರಿಗೆಲ್ಲ ಒತ್ತಿ ಒತ್ತಿ ಬುದ್ಧಿ ಹೇಳುತ್ತಿದ್ದರು. ಒಂದು ದಿನ ಅದು ಮಾಯವಾಗಿತ್ತು.

"ನೀನೇ ಎಸೆದೆ ಅಂತಿದ್ದೆ ನಾನು," ಎಂದರು ಮಾವ, ಹಾರನ್ನನ್ನು ತಿರುಗಿಸಿ ತಿರುಗಿಸಿ ನೋಡುತ್ತ. "ಮದುವೆಯಾಗಿ ಬಂದ ವರ್ಷ. ಎಷ್ಟು ದಿನ ನಿನ್ನ ಜೊತೆ ಮಾತು ಬಿಟ್ಟಿದ್ದೆ."

"ಹೂಂ."

"ಇದು ಇಲ್ಲಿರೋದು ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ನನ್ನ ಕೈಲಿ ಆಣೆ ಹಾಕಿಸಿದ್ದಳು."

ಮಾವನ ಮುಖ ನಗಲು ಹೋಗಿ ಬೇರೆಲ್ಲೋ ತಿರುಗಿತು. ಅಲ್ಲೇ ಬಟ್ಟೆ ರಾಶಿಯ ಪಕ್ಕ ಕೂತು ಹೆಗಲ ಟವೆಲಿಗೆ ಮುಖ ಒತ್ತಿ ಅತ್ತರು. ಅಳಿಯ ಪಕ್ಕದಲ್ಲಿ ನಿಂತುಕೊಂಡ. ಏನು ಮಾಡಬೇಕೆಂದು ತೋಚದೆ ಒಂದು ಲೋಟ ನೀರು ತಂದು ಕೊಟ್ಟ. ಮಾವ ಕುಡಿದರು.

ಖಾಲಿಯಾದ ಬೀರುವನ್ನು ಮೂವರೂ ಸೇರಿ ದೂಡಿದರು. ಅದು ನೆಲ ಕೆರೆಯುತ್ತ ಬಂತು. ಕರೆಂಟಕ್ಕ ಟಾರ್ಚು ಬಿಟ್ಟು, "ಅಯ್ಯೋ ನನ್ನಪ್ಪ," ಎಂದಳು.

ಪ್ಲಗ್ ಪಾಯಿಂಟಿನ ಬಿಳಿ ಮುಚ್ಚಳ ಕಂದಾಗಿ ಸೊಟ್ಟಗಾಗಿತ್ತು. ಗೋಡೆಯ ಮೇಲೆ ಮೇಲಕ್ಕೆ ಹರಡಿದ ಮಸಿ. ಬೀರುವಿನ ಹಿಂಭಾಗದ ಹಲಗೆಯಲ್ಲಿ ಅಂಗೈಯಗಲ ಇದ್ದಿಲಾಗಿತ್ತು. ಕರೆಂಟಕ್ಕ ಸ್ಕ್ರೂಡ್ರೈವರಿನಿಂದ ಮುಟ್ಟಿದರೆ ಪುಡಿ ಉದುರಿತು. ಮುಚ್ಚಳ ತೆಗೆದಳು. ಒಳಗೆ ವೈರಿನ ಮೈ ಕರಗಿ ಕಪ್ಪಾಗಿ ಅಂಟಿಕೊಂಡಿತ್ತು.

"ಫ್ಯೂಸ್ ಯಾಕೆ ಹೋಗಲಿಲ್ಲ?" ಎಂದರು ಮಾವ. ದನಿ ಸಣ್ಣದಾಗಿತ್ತು.

"ಫ್ಯೂಸಿಗೆ ಇದು ಗೊತ್ತಾಗಲ್ಲ ಯಜಮಾನ್ರೇ. ಕರೆಂಟು ಮಿತಿಮೀರಿ ಹರಿದ್ರೆ ಅದು ಹೋಗುತ್ತೆ. ಇಲ್ಲಿ ಹರೀತಿರೋದು ಗೀಸರಿಗೆ ಬೇಕಾದಷ್ಟೇ. ಆದರೆ ಈ ಸ್ಕ್ರೂ ಸಡಿಲ. ವೈರು ಸರಿಯಾಗಿ ಮುಟ್ಟಿಲ್ಲ, ಪೂರ್ತಿ ಬಿಟ್ಟೂ ಇಲ್ಲ. ಆ ಸಂದೀಲಿ ಕಿಡಿ ಹಾರುತ್ತೆ. ಅದೇ ನೀವು ಕೇಳಿದ ಸದ್ದು." ಅವಳು ಮೂಗು ಹತ್ತಿರ ತಂದಳು. "ವಾಸನೆ ಬಂದಿರಬೇಕಲ್ಲ? ಇಷ್ಟು ಸುಟ್ಟಿದೆ. ಇಲ್ಲಿ ಯಾರು ಮಲಗೋದು?"

"ನಾನು," ಎಂದ ಅಳಿಯ.

"ವಾಸನೆ ಬರಲಿಲ್ವಾ ಅಣ್ಣ?"

ಸುಳ್ಳು ಹೇಳಲೂ ಒಂದು ಹುರುಪು ಬೇಕು. ಅವನಲ್ಲಿ ಅದಿರಲಿಲ್ಲ. "ಬರ್ತಿತ್ತು. ತುಂಬಾ ದಿನದಿಂದ."

"ಮತ್ತೆ ಸದ್ದು?"

"ಅದೂ."

ಕರೆಂಟಕ್ಕ ಪಟ್ಟಿಯಲ್ಲಿ ಏನನ್ನೋ ಹುಡುಕುವವಳ ಹಾಗೆ ತಲೆ ತಗ್ಗಿಸಿದಳು. ಮಾವ ಅಳಿಯನನ್ನು ನೋಡಿದರು, ಮಸಿ ಹಿಡಿದ ಗೋಡೆಯನ್ನು ನೋಡಿದರು, ಗೋಡೆಗೆ ತಾಗಿದಂತಿದ್ದ ಹಾಸಿಗೆಯ ತಲೆದಿಂಬನ್ನು ನೋಡಿದರು. ಹಾರನ್ನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಗೆ ನಡೆದುಬಿಟ್ಟರು.

ಅಳಿಯ ಕೊಂಚ ಹೊತ್ತು ಅಲ್ಲೇ ನಿಂತಿದ್ದ. "ಹೋಗಿ ಅಣ್ಣ," ಎಂದಳು ಕರೆಂಟಕ್ಕ, ತಲೆ ಎತ್ತದೆ. "ನನಗೆ ಇಲ್ಲಿ ಟಾರ್ಚು ಹಿಡಿಯೋರು ಬೇಡ."

ಮಾವ ಬೀದಿಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. ಅಳಿಯ ಒಂದು ಮೆಟ್ಟಿಲು ಕೆಳಗೆ ಕೂತ. ಬೀದಿಯಲ್ಲಿ ಯಾವುದೋ ಗಾಡಿ ಗರಗರ ಎನ್ನುತ್ತ ಹೋಯಿತು. ಮಾವ ತೀರ್ಪು ಕೊಡಲಿಲ್ಲ.

"ನಾನು ಕೋಲು ಹಿಡ್ಕೊಂಡು ಹುಚ್ಚನ ಹಾಗೆ ತಿರುಗ್ತಿದ್ದೆ," ಎಂದರು ಕೊನೆಗೆ. "ನೀನು ಪಕ್ಕದಲ್ಲಿ ಟಾರ್ಚು ಹಿಡ್ಕೊಂಡು ನಿಂತಿದ್ದೆ. ಗೊತ್ತಿದ್ದೂ."

"ಹೂಂ ಮಾವ."

"ಸಾಯ್ಬೇಕು ಅಂತಿದ್ಯಾ?"

ಅವನು ಯೋಚಿಸಿದ. ಮಾವ ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡಬೇಕೆಂದು ಅನ್ನಿಸಿತು. "ಇಲ್ಲ. ಹಾಗೇನೂ ಇಲ್ಲ. ಸಾಯ್ಬೇಕು ಅಂತಾನೂ ಇಲ್ಲ. ಕೇಳಿಸ್ತಿತ್ತು, ಏನೂ ಅನ್ನಿಸ್ತಿರಲಿಲ್ಲ. ಏನಾದ್ರೂ ಅನ್ನಿಸಿದ್ರೆ ತಾನೇ ಏಳೋದು?"

"ನಾನೂ ಇದೇ ಮನೇಲಿ ಮಲಗ್ತೀನಲ್ಲೋ."

ಬೈದಿದ್ದರೆ ಚೆನ್ನಾಗಿತ್ತು. ಮಾವ ಬೈಯಲಿಲ್ಲ. ಟಿಕೆಟ್ ಕಳೆದುಕೊಂಡ ಪ್ರಯಾಣಿಕನೊಬ್ಬ ಕಂಡಕ್ಟರಿಗೆ ಹೇಳುವ ಹಾಗೆ, ಅಷ್ಟು ಮೆತ್ತಗೆ ಹೇಳಿದರು. ಆ ಮಾತು ಎಲ್ಲೋ ತಗುಲಿತು. ನೋವಾಯಿತು ಅನ್ನುವಂತಿಲ್ಲ. ಮರಗಟ್ಟಿದ ಕಾಲಿಗೆ ಯಾರೋ ಗುದ್ದಿದರೆ ಗುದ್ದಿದ್ದು ಗೊತ್ತಾಗುತ್ತದೆ, ಕಾಲು ಎಲ್ಲಿದೆ ಎಂದು ಗೊತ್ತಾಗುತ್ತದೆ, ಅಷ್ಟು.

"ಅದು ನನಗೆ ಹೊಳೀಲೇ ಇಲ್ಲ ಮಾವ," ಎಂದ. ಅದಕ್ಕಿಂತ ನಾಚಿಕೆಗೇಡಿನ ಮಾತು ತಾನು ಯಾವತ್ತೂ ಆಡಿಲ್ಲ ಎಂದು ಅವನಿಗೆ ಆಡಿದ ಮೇಲೆ ತಿಳಿಯಿತು.

"ನನಗೂ ಹೊಳೀಲಿಲ್ಲ," ಎಂದರು ಮಾವ. "ಮನೆಯೆಲ್ಲ ಕೋಲು ಹಚ್ಚಿದೆ, ಆ ಕೋಣೆಗೆ ಹಚ್ಚಲಿಲ್ಲ. ಒಳಗೆ ಒಬ್ಬ ಮನುಷ್ಯ ಮಲಗ್ತಾನೆ ಅನ್ನೋದೂ ನೆನಪಾಗಲಿಲ್ಲ. ನನ್ನ ಲೆಕ್ಕದಲ್ಲಿ ಅದು ಅವಳ ಕೋಣೆ."

ಒಳಗಿನಿಂದ ಗೋಡೆ ಕೊರೆಯುವ ಗರ್ರ್ ಸದ್ದು ಬಂತು. ಕರೆಂಟಕ್ಕ ಕೆಲಸ ಹಿಡಿದಿದ್ದಳು. ಸಂಜೆವರೆಗೆ ಕೂತು ಸುಟ್ಟ ಪಾಯಿಂಟನ್ನು ಕಿತ್ತುಹಾಕಿದಳು, ಮೇನ್ ಬೋರ್ಡಿನಿಂದ ಗೀಸರಿಗೆ ದಪ್ಪ ವೈರಿನ ಬೇರೆಯದೇ ಲೈನು ಎಳೆದಳು, ಅದಕ್ಕೊಂದು ಪ್ರತ್ಯೇಕ ಸ್ವಿಚ್ಚು ಕೂರಿಸಿದಳು. ಮನೆಯ ಉಳಿದ ಪಾಯಿಂಟುಗಳ ಸ್ಕ್ರೂಗಳನ್ನೂ ಒಂದೊಂದಾಗಿ ಬಿಚ್ಚಿ ನೋಡಿ ಬಿಗಿದಳು. ಅಷ್ಟು ಹೊತ್ತೂ ಒಂದು ಮಾತಾಡಲಿಲ್ಲ; ಅವಳನ್ನು ಬಲ್ಲವರು ಯಾರೂ ನಂಬಲಾರದ ಸಂಗತಿ. ಹೊರಡುವಾಗ ಮಾತ್ರ ಅಳಿಯನನ್ನು ಪಕ್ಕಕ್ಕೆ ಕರೆದಳು.

"ಅಣ್ಣ, ಒಂದು ಮಾತು. ಡಾಕ್ಟರ ಹತ್ತಿರ ಹೋಗಿ. ನಮ್ಮನೇಲಿ ನನ್ನ ತಮ್ಮನೂ ಹೀಗೇ ಇದ್ದ. ಗೋಡೆ ನೋಡ್ಕೊಂಡು ಕೂರೋನು. ಔಷಧಿ ಕೊಟ್ರು, ಮಾತಾಡಿಸಿದ್ರು, ಈಗ ಪರವಾಗಿಲ್ಲ, ನನ್ನನ್ನೇ ಬೈತಾನೆ."

"ಸರಿ," ಎಂದ. ಹೋಗುವನೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ಮಾವ ಬಾಗಿಲ ಸಂದಿಯಿಂದ ಕೇಳಿಸಿಕೊಂಡಿದ್ದರು. ಎರಡು ದಿನ ಕಳೆದ ಮೇಲೆ, ಕೋಟು ತೊಟ್ಟು, ಬೂಟು ಹಾಕಿ, "ನಡಿ," ಎಂದರು. ಡಾಕ್ಟರ ಹತ್ತಿರ ಹೋದರು. ಮಾವ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಒಳಗೆ ಅಳಿಯ ಕೇಳಿದ್ದಕ್ಕೆ ಕೇಳಿದಷ್ಟು ಹೇಳಿದ. ಡಾಕ್ಟರಮ್ಮ ಮಾತ್ರೆ ಬರೆದಳು, ಮುಂದಿನ ವಾರ ಬರಲು ಹೇಳಿದಳು. ದಾರಿಯಲ್ಲಿ ಮಾವ ಏನೂ ಕೇಳಲಿಲ್ಲ.

ಆದರೆ ಅದೇ ಸಂಜೆ ತಮ್ಮ ಮಂಚ ಎಳೆಯತೊಡಗಿದರು. ಹಾಲಿನಿಂದ ಅಳಿಯನ ಕೋಣೆಗೆ. ಒಂದು ಕಾಲು ಬಾಗಿಲಿಗೆ ಸಿಕ್ಕಿಕೊಂಡಿತು.

"ಏನು ಮಾವ ಇದು?"

"ನೋಡ್ತಾ ನಿಂತಿದ್ದೀಯಲ್ಲ, ಎತ್ತು ಆ ಕಡೆ. ಇನ್ಮೇಲೆ ನಾನು ಇಲ್ಲೇ."

ಬೀರು ಇದ್ದ ಜಾಗದಲ್ಲಿ ಮಂಚ ಕೂತಿತು. ಬೀರುವನ್ನು ಹಾಲಿಗೆ ಸಾಗಿಸಿದರು. ಬಟ್ಟೆಗಳು ಇನ್ನೂ ಗಂಟುಕಟ್ಟಿ ಮೂಲೆಯಲ್ಲಿದ್ದವು.

ನಾದಿನಿ ಆ ವಾರದ ಕೊನೆಗೆ ಬಂದಳು. ಸುಟ್ಟ ಹಲಗೆ ನೋಡಿ ಬಿಳಿಚಿಕೊಂಡಳು. ಗೀಸರ್ ತಂದು ಹಾಕಿಸಿದ್ದು ತಾನೇ ಎಂದು ಅಳಲು ಶುರುಮಾಡಿದಳು. ಮಾವ ಅವಳ ತಲೆ ಸವರಿ, "ನಿನ್ನ ತಪ್ಪಲ್ಲ, ಹಾಕಿದೋನ ತಪ್ಪು," ಎಂದು ಸಮಾಧಾನ ಮಾಡಿದರು. ಅಳಿಯನಿಗೆ ವಾಸನೆ ಬರುತ್ತಿತ್ತೆಂಬುದನ್ನು ಹೇಳಲಿಲ್ಲ. ಅಳಿಯ ಅದನ್ನು ಗಮನಿಸಿದ.

ಅಕ್ಕನ ಬಟ್ಟೆಗಳ ಗಂಟು ಬಿಚ್ಚಿಕೊಂಡು ಅವಳು ಮಧ್ಯಾಹ್ನವೆಲ್ಲ ಕೂತಳು. ಕೆಲವನ್ನು ತನಗೆ, ಕೆಲವನ್ನು ಕೌಂಟರಿನ ಜೊತೆಗಾರರಿಗೆ ಎಂದು ಬೇರೆ ಮಾಡಿದಳು. ಆಮೇಲೆ ಪಾತ್ರೆ ತೊಳೆಯುತ್ತಿದ್ದ ಅಳಿಯನ ಹತ್ತಿರ ಬಂದಳು.

"ಭಾವ, ಬೇಜಾರು ಮಾಡ್ಕೋಬೇಡಿ. ನಾನು ಅಪ್ಪನ್ನ ಕರ್ಕೊಂಡು ಹೋಗ್ತೀನಿ. ಇನ್ನೇನಾದ್ರೂ ಆದ್ರೆ ನನ್ನಿಂದ ತಡ್ಕೊಳ್ಳೋಕೆ ಆಗಲ್ಲ. ನೀವು ಇಲ್ಲೇ ಇರಿ, ಎಷ್ಟು ದಿನ ಬೇಕೋ ಅಷ್ಟು ದಿನ. ಯಾರೂ ಹೋಗಿ ಅನ್ನಲ್ಲ."

ನ್ಯಾಯವಾದ ಮಾತು. ಯಾರೂ ತಪ್ಪು ಹುಡುಕುವಂತಿಲ್ಲ. ಅವನು ತಟ್ಟೆ ತೊಳೆದ, ಒರೆಸಿದ, ಇಟ್ಟ. ಸರಿ ಅನ್ನಬೇಕಿತ್ತು. ಬಾಯಿ ತೆರೆದ.

"ಬೇಡ," ಎಂದ.

"ಏನು ಬೇಡ?"

"ಮಾವ ಇಲ್ಲೇ ಇರಲಿ."

"ಯಾಕೆ ಭಾವ?"

ಕಾರಣ ಹುಡುಕಿದ. ಸಿಗಲಿಲ್ಲ. "ಇರಲಿ," ಎಂದಷ್ಟೇ ಮತ್ತೆ ಹೇಳಿದ. ನಾದಿನಿ ಅವನ ಮುಖವನ್ನೇ ನೋಡಿದಳು. ಎಂಟು ತಿಂಗಳಲ್ಲಿ ಭಾವ ಒಂದು ಮಾತಿಗೆ 'ಬೇಡ' ಅಂದದ್ದು ಅವಳು ಕೇಳಿರಲಿಲ್ಲ. ಕೊಟ್ಟದ್ದು ತಿನ್ನುತ್ತಿದ್ದ, ಹೇಳಿದ್ದಕ್ಕೆ ತಲೆಯಾಡಿಸುತ್ತಿದ್ದ. ಅವಳು ಮತ್ತೆ ಒತ್ತಾಯ ಮಾಡಲಿಲ್ಲ. "ದಿನಾ ಫೋನ್ ಮಾಡ್ತೀನಿ. ಎತ್ತಬೇಕು. ನೀವೇ ಎತ್ತಬೇಕು," ಎಂದಳು. ಸಂಜೆಯ ಬಸ್ಸಿಗೆ ಎರಡು ಗಂಟು ಹೊತ್ತು ಹೊರಟಳು. ಸವೆದ ಸ್ವೆಟರನ್ನು ಯಾವ ಗಂಟಿಗೂ ಹಾಕದೆ ಅವನ ಹಾಸಿಗೆಯ ಮೇಲೆ ಬಿಟ್ಟಿದ್ದಳು. ಅವನು ಅದನ್ನು ಮಡಿಸಿ ತನ್ನ ಬಟ್ಟೆಗಳ ಜೊತೆ ಇಟ್ಟ.

ಮಾವನಿಗೆ ಗೊರಕೆಯ ಕಾಯಿಲೆ ಇತ್ತು. ಗೋಡೆ ಆಚೆ ಇದ್ದಾಗ ಅದರ ಅರಿವೇ ಆಗಿರಲಿಲ್ಲ. ಈಗ ಒಂದು ಕೈ ದೂರದಲ್ಲಿ, ಏರು ಹತ್ತುವ ಲಾರಿಯ ಹಾಗೆ ಶುರುವಾಗಿ, ತುದಿಯಲ್ಲಿ ಒಂದು ಕ್ಷಣ ನಿಂತು, ಇನ್ನೇನು ಮುಗಿಯಿತು ಅನ್ನುವಾಗ ಇಳಿಜಾರಿಗೆ ಬೀಳುತ್ತಿತ್ತು. ಡಾಕ್ಟರಮ್ಮನ ಮಾತ್ರೆಯಿಂದ ಬರುತ್ತಿದ್ದ ಅಷ್ಟಿಷ್ಟು ನಿದ್ದೆಯೂ ಅದರಲ್ಲಿ ಹೋಯಿತು. ಅಳಿಯ ಕಿವಿಗೆ ಹತ್ತಿ ಇಟ್ಟುಕೊಂಡ. ದಿಂಬು ಮುಚ್ಚಿಕೊಂಡ. ಅಂಗಡಿಯಲ್ಲಿ ತೂಕಡಿಸಿ, ಬಹಳ ತಿಂಗಳುಗಳ ಮೇಲೆ ಮೊದಲ ಸಲ ಒಂದು ಗಾಜಿನ ಅಂಚು ಚಕ್ಕೆ ಎಬ್ಬಿಸಿದ. ಯಜಮಾನ ಗೊಣಗಿದ.

ಮುಂದಿನ ರಜೆಯ ದಿನ ಊಟ ಮುಗಿಸಿ ಇಬ್ಬರೂ ಅಡ್ಡಾದರು. ಕಿಟಕಿಯ ಬಿಸಿಲು ಎರಡು ಮಂಚಗಳ ನಡುವಿನ ನೆಲದ ಮೇಲೆ ಬಿದ್ದಿತ್ತು. ಅಳಿಯನಿಗೆ ಕಣ್ಣು ಹತ್ತುವುದರಲ್ಲಿತ್ತು. ಮಾವನ ಲಾರಿ ಏರು ಹತ್ತಿತು.

"ಮಾವ," ಎಂದ. ಕೇಳಿಸಲಿಲ್ಲ. "ಮಾವ!"

"ಹಾಂ? ಏನು? ಏನಾಯ್ತು?" ಮಾವ ಗಾಬರಿಬಿದ್ದು ಎದ್ದು ಕೂತರು.

"ಒಂದು ದಿನ, ಒಂದೇ ಒಂದು ದಿನ ಮನುಷ್ಯ ಮಲಗೋಕೆ ಬಿಡ್ತೀರಾ ಇಲ್ವಾ? ಆ ಕಡೆ ತಿರುಗಿ ಮಲಗಿ ಅಂತ ಎಷ್ಟು ಸಲ ಹೇಳೋದು ನಿಮಗೆ?"

ಅವನು ಒಂದು ಸಲವೂ ಹೇಳಿರಲಿಲ್ಲ. ದನಿ ಬೀದಿಗೆ ಕೇಳಿಸುವಷ್ಟು ಏರಿತ್ತು. ಅವನಿಗೇ ತನ್ನ ದನಿಯ ಗುರುತು ಹತ್ತಲಿಲ್ಲ. ಮಾವ ಕಣ್ಣು ಪಿಳಿಪಿಳಿ ಬಿಟ್ಟು ಅವನನ್ನು ನೋಡಿದರು. ಆಮೇಲೆ ಹೊದಿಕೆ ಸರಿಮಾಡಿಕೊಂಡು, ಗೋಡೆಯ ಕಡೆ ತಿರುಗಿ ಮಲಗಿದರು.